ದಿನ ಎಂದರೆ ದಿನ

ಮಹಡಿ ಮೇಲಿನ ಬಾಡಿಗೆಯವಳು ಬೈಬಲ್ ಹಿಡಿದು ಕೆಳಗಿಳಿದು ಬಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ತಿಲಕ್ ನಗರದ ನಮ್ಮ ಮನೆಗೆ ಆಕೆ ಬಂದು ಎರಡು ವರ್ಷ. ಕ್ಲಿನಿಕ್ಕಿನಲ್ಲಿ ನರ್ಸ್, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ತುಂಬ ಒಳ್ಳೆಯವಳು, ನನ್ನ ಅನುಮಾನಕ್ಕೆ ಅದೇ ಕಾರಣ. ಕ್ರಿಸ್‌ಮಸ್‌ಗೆ ಕೊಟ್ಟ ಕೇಕನ್ನೂ ಪಕ್ಕದ ಮನೆಗೆ ದಾಟಿಸಿದ್ದೆ.

"ಮೇಡಂ, ನೀವು ಕನ್ನಡ ಟೀಚರ್ ಆಗಿದ್ದೋರು. ದಿನ ಅಂದ್ರೆ ಇಪ್ಪತ್ನಾಲ್ಕು ಗಂಟೇನೇನಾ?"

"ಯಾಕೆ ಕೇಳ್ತಿದ್ದೀಯ?" ಎಂದೆ.

ದೇವರು ಆರು ದಿನಗಳಲ್ಲಿ ಲೋಕ ಸೃಷ್ಟಿಸಿದ ಪಾಠ ಮಾಡುವಾಗ ಒಂದು ಮಗು, ಸೂರ್ಯ ಹುಟ್ಟಿದ್ದೇ ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನಗಳನ್ನು ಎಣಿಸಿದ್ದು ಹೇಗೆ ಎಂದು ಕೇಳಿತಂತೆ. ಇದನ್ನು ಹಾಡಿನ ಹಾಗೆ ಬರೆದಿದ್ದಾರೆ, ದಿನ ಅನ್ನುವುದು ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ ಎಂದು ಈಕೆ ಹೇಳಿದಳಂತೆ. ಮಗು ಮನೆಗೆ ಹೋಗಿ "ಆರು ದಿನ ಸುಳ್ಳಂತೆ" ಎಂದುಬಿಟ್ಟಿದೆ. ಚರ್ಚಿನ ಹಿರಿಯರು ವಿಚಾರಣೆಗೆ ಕರೆದಿದ್ದರು.

"ಕ್ಲಾಸ್ ಬಿಡಿಸ್ತಾರೆ ಮೇಡಂ. ಆ ಮಕ್ಕಳು ಬಿಟ್ರೆ ನಂಗೆ ಇಲ್ಲಿ ಯಾರೂ ಇಲ್ಲ. ದಿನಕ್ಕೆ ಬೇರೆ ಅರ್ಥಾನೂ ಇದೆ ಅಂತ ಒಂದು ಲೈನ್ ಬರ್ದು ಸೈನ್ ಹಾಕಿ ಕೊಟ್ರೆ ಸಾಕು."

ಸೈನ್! ಇವತ್ತು ಒಂದು ಪದಕ್ಕೆ, ನಾಳೆ ಇನ್ಯಾವ ಕಾಗದಕ್ಕೋ? ನನ್ನನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುವ ಉಪಾಯವಿದು ಎಂದುಕೊಂಡೆ. ಕನ್ನಡಕ ಹಾಕಿ ಆ ಪುಟ ಓದಿದೆ. ಅಲ್ಲಿ ಮೊದಲು ಸಂಜೆಯಾಗಿ, ಆಮೇಲೆ ಬೆಳಗಾಗಿ ಒಂದು ದಿನ. ನಮ್ಮ ಪಂಚಾಂಗದಲ್ಲಿ ಸೂರ್ಯ ಹುಟ್ಟಿದರೆ ದಿನ ಹುಟ್ಟಿದಂತೆ. ಇದು ತಲೆಕೆಳಗು ಅನ್ನಿಸಿತು. ಆದರೆ ಅದೇ ಸಾಲು ಆರು ಸಲ ತಿರುಗಿ ಬಂದಾಗ, ಮೂವತ್ತು ವರ್ಷ ಪದ್ಯ ಪಾಠ ಮಾಡಿದ ನನ್ನ ಕಿವಿಗೆ ತಿಳಿಯದೇ ಇರುತ್ತದೆಯೇ? ಅದು ಪಲ್ಲವಿಯೇ. ಆಕೆ ಹೇಳಿದ್ದು ಸರಿಯಾಗಿತ್ತು.

ಆದರೂ ನಿಘಂಟು ತೆಗೆದು ಬರೆದೆ: "ದಿನ: ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗಿನ ಕಾಲ." ಸಹಿಯನ್ನೂ ಹಾಕಿದೆ. ಇದರಲ್ಲಿ ಯಾರೂ ನನ್ನನ್ನು ಸಿಕ್ಕಿಸಲಾರರು.

"ಇಷ್ಟೇನಾ ಮೇಡಂ?"

"ದಿನ ಅಂದ್ರೆ ದಿನ ಕಣಮ್ಮ."

ಆಕೆ ಚೀಟಿ ಮಡಚಿಕೊಂಡಳು. "ದೀಪಾವಳೀಲಿ ನಮ್ಮ ಬಾತ್‌ರೂಮಿನ ನಲ್ಲಿ ಸೋರ್ತಿದೆ ಅಂದಾಗ, ಎರಡು ದಿನದಲ್ಲಿ ಸರಿ ಮಾಡಿಸ್ತೀನಿ ಅಂದಿದ್ರಿ. ಯುಗಾದೀನೂ ಆಯ್ತು. ಅದೂ ಇದೇ ದಿನಾನಾ ಮೇಡಂ?"

ಎಷ್ಟು ಕೊಂಕು ನೋಡು ಎಂದು ಮೈ ಉರಿಯಿತು.

ಮುಂದಿನ ಭಾನುವಾರ ಆಕೆ ಚರ್ಚಿಗೆ ಹೊರಡಬೇಕಾದ ಹೊತ್ತಿಗೆ ಮೇಲೆ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಸುಮ್ಮನೆ ಕೂರಲಾಗದೆ ಮೆಟ್ಟಿಲು ಹತ್ತಿದೆ.

"ನನ್ನ ಚೀಟಿ ತೋರಿಸಿದ್ಯಾ?"

"ಕೇಳಿ ಬರೆಸ್ಕೊಂಡಿದ್ದು ಮೇಡಂ, ಬಚ್ಚಿಡೋಕಾಗತ್ತಾ? ಅದನ್ನೇ ಎಲ್ಲರ ಮುಂದೆ ಓದಿ, ಕ್ಲಾಸ್ ಬೇರೆಯೋರಿಗೆ ಕೊಟ್ರು."

ನನಗೆ ನಾಚಿಕೆಯಾಯಿತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಬರೆದುಕೊಟ್ಟಿದ್ದೆ.

"ಇನ್ನೊಂದು ಬರ್ದು ಕೊಡ್ತೀನಿ. ನಾನೇ ಬಂದು ಹೇಳ್ತೀನಿ ಬೇಕಾದ್ರೆ. ಮತ್ತೆ ಯಾವಾಗ ಸೇರಿಸ್ಕೋತಾರಂತೆ?"

ಆಕೆ ಬೆಡ್‌ಶೀಟ್ ಹಿಂಡುತ್ತಾ ನನ್ನತ್ತ ನೋಡದೆ ಹೇಳಿದಳು:

"ಎರಡು ದಿನ ಹೋಗ್ಲಿ, ನೋಡೋಣ ಅಂದ್ರು."

ಎರಡು ದಿನ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಒಳಗೆ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು.