ಪವಿತ್ರ ಗುರುವಾರ ನಾನು ಮುಂದಿಟ್ಟ ಎಡಗಾಲು

ಮೊದಲು ಕಂಡದ್ದು ನೆಲದ ಮೇಲಿನ ಕಲೆ. ನೋವಲ್ಲ.

ತಪಸ್ಸು ಕಾಲದ ಮೂರನೆಯ ಶುಕ್ರವಾರ. ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆದಿತ್ತು. ಯೇಸುಸ್ವಾಮಿ ಎರಡನೆಯ ಸಲ ಬೀಳುವ ಚಿತ್ರದ ಮುಂದೆ ಮೊಣಕಾಲೂರಿ ಎದ್ದಾಗ ಬಿಳಿ ನೆಲದ ಮೇಲೆ ಕೆಂಪು ಗುರುತು ಕಂಡಿತು. ಪಾಪ, ಯಾರಿಗೋ ಗಾಯವಾಗಿದೆ ಎಂದು ಅಕ್ಕಪಕ್ಕದವರ ಕಾಲು ನೋಡಿದೆ.

ನನ್ನದೇ ಆಗಿತ್ತು.

ಅನಿತಾ, ಪ್ರವೀಣ, ನಿಮಗೆ ಈ ಸಂಗತಿ ಅರ್ಧ ಮಾತ್ರ ಗೊತ್ತು. ಅಜ್ಜಿಯ ಎರಡು ಬೆರಳು ಎಲ್ಲಿ ಹೋದವು ಎಂದು ನೀವು ಕೇಳಿದಾಗ, ಸಕ್ಕರೆ ಕಾಯಿಲೆ ತಿಂದಿತು ಎಂದು ಹೇಳಿ ತಪ್ಪಿಸಿಕೊಂಡೆ. ಆ ದಿನಗಳಲ್ಲಿ ನೀವು ಪರೀಕ್ಷೆಗೆಂದು ಮುದ್ದೇಬಿಹಾಳದಲ್ಲಿ ಕೆಲಸಕ್ಕಿದ್ದ ನಿಮ್ಮ ಅಪ್ಪನ ಹತ್ತಿರ ಇದ್ದಿರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತೇನೆ.

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಫಾದರ್ ಹಣೆಗೆ ಬೂದಿ ಹಚ್ಚಿದಾಗ, ಈ ನಲವತ್ತು ದಿನ ಏನು ಬಿಡಲಿ ಎಂದು ಯೋಚಿಸಿದೆ. ಸಿಹಿಯನ್ನು ಡಾಕ್ಟರು ಯಾವಾಗಲೋ ಬಿಡಿಸಿದ್ದರು. ಮಾಂಸ ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾತ್ರ. ಉಪವಾಸ ಹಿಡಿದರೆ ನಿಮ್ಮವ್ವ ಶಾಂತಾ ತಟ್ಟೆ ತಂದು ಎದುರಿಗೇ ಕೂರುತ್ತಾಳೆ. ಬಿಡಲಿಕ್ಕೆ ನನ್ನ ಹತ್ತಿರ ಉಳಿದದ್ದು ಚಪ್ಪಲಿ.

ಆ ದಿನ ಓದುವ ಶುಭಸಂದೇಶ ನಿಮಗೂ ಗೊತ್ತು. ಉಪವಾಸ ಮಾಡುವವರು ಅದನ್ನು ಜನರಿಗೆ ತೋರಿಸಬಾರದು, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು ಎಂದಿನಂತೆ ಇರಬೇಕು, ಗುಟ್ಟಿನಲ್ಲಿ ಮಾಡಿದ್ದನ್ನು ತಂದೆಯಾದ ದೇವರು ನೋಡುತ್ತಾನೆ ಎಂಬುದು ಅದರ ತಿರುಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹೆದರುವ ನನಗೆ ಇಡೀ ಬೈಬಲಿನಲ್ಲಿ ಇಷ್ಟು ಹಿತವಾದ ಮಾತು ಇನ್ನೊಂದಿರಲಿಲ್ಲ.

ಪ್ರತಿ ಶುಕ್ರವಾರ ಚರ್ಚಿಗೆ ಮನೆಯಿಂದ ಚಪ್ಪಲಿ ಮೆಟ್ಟಿಕೊಂಡೇ ಹೊರಡುತ್ತಿದ್ದೆ. ಹೊಲದ ಬದು ದಾಟಿದ ಮೇಲೆ ಕಳಚಿ ಚೀಲಕ್ಕೆ ಹಾಕುತ್ತಿದ್ದೆ. ಅಲ್ಲಿಂದ ಮುಂದೆ ಅರ್ಧ ದಾರಿ ತೊಗರಿ ಕೊಯ್ದ ಹೊಲ. ಕೊಯ್ದುಳಿದ ತೊಗರಿಯ ಕೂಳೆ ಮೊಳೆಯ ಹಾಗೆ ನಿಂತಿರುತ್ತದೆ. ಎತ್ತುಗಳೂ ಅಲ್ಲಿ ನೋಡಿ ಕಾಲಿಡುತ್ತವೆ.

ಅಂದು ಚುಚ್ಚಿದ್ದು ಅಂಥ ಕೂಳೆಯೇ. ಬಲಗಾಲಿನ ಕಿರುಬೆರಳ ಬುಡದಲ್ಲಿ ತೂತು ಬಿದ್ದಿತ್ತು. ಆದರೂ ನೋಯುತ್ತಿರಲಿಲ್ಲ. ದೇವರು ನನ್ನ ಹರಕೆಯನ್ನು ಒಪ್ಪಿದ್ದಾನೆ, ನೋವನ್ನು ತಾನೇ ಎತ್ತಿಕೊಂಡಿದ್ದಾನೆ ಎಂದುಕೊಂಡೆ. ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಸತ್ತಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದೆ. ಅದು ಕಾಣದಿರಲೆಂದು ನಿಮ್ಮ ಅಜ್ಜನ ಹಳೆಯ ಸಾಕ್ಸ್ ಹಾಕಿದೆ. ಪಕ್ಕದ ಮನೆಯ ಖೈರುನ್ನಿಸಾ ನೋಡಿ ನಕ್ಕಳು. "ಏನವಾ ಮರಿಯವ್ವ, ಬ್ಯಾಸಗ್ಯಾಗ ಸಾಕ್ಸ್ ಹಾಕ್ಕೊಂಡೀ? ಕಚೇರಿಗೆ ಹೊಂಟೀ ಏನ?" ನಾನೂ ನಕ್ಕೆ. ರಂಜಾನ್ ತಿಂಗಳಲ್ಲಿ ಜಡ್ಡಾದವರಿಗೆ ಉಪವಾಸದಿಂದ ಮಾಫಿ ಇದೆ ಎಂದು ಅವಳೇ ಒಮ್ಮೆ ಹೇಳಿದ್ದಳು. ನಮ್ಮ ಧರ್ಮಸಭೆಯಲ್ಲೂ ಇದೆ. ಅದನ್ನು ನೆನಪು ಮಾಡಿಕೊಳ್ಳಲು ನನಗೇ ಮನಸ್ಸಿರಲಿಲ್ಲ.

ಮೂರು ವಾರದಲ್ಲಿ ಬೆರಳು ಕಪ್ಪಾದವು. ಮೈ ಬಿಸಿ. ಊಟ ಸೇರದು. ಶಾಂತಾ ಕೇಳಿದರೆ ಬಿಸಿಲಿನ ಮೇಲೆ ಹಾಕುತ್ತಿದ್ದೆ. ಶುಕ್ರವಾರದ ನಡಿಗೆ ಮಾತ್ರ ಬಿಡಲಿಲ್ಲ.

ಗರಿಗಳ ಭಾನುವಾರ ಫಾದರ್ ಹನ್ನೆರಡು ಹೆಸರು ಓದಿದರು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಅದೇ ವಾರದ ಪವಿತ್ರ ಗುರುವಾರ ಫಾದರ್ ಕಾಲು ತೊಳೆಯುವ ಹನ್ನೆರಡು ಮಂದಿ. ಅದರಲ್ಲಿ ನನ್ನ ಹೆಸರೂ ಇತ್ತು. ಒಲ್ಲೆ ಎನ್ನಬೇಕಾದರೆ ಎದ್ದು ನಿಂತು ಮಾತಾಡಬೇಕು. ಅದು ನನ್ನಿಂದಾಗಲಿಲ್ಲ.

ನಮ್ಮಲ್ಲಿ ಬಲಗಾಲನ್ನು ತೊಳೆಯುವ ರೂಢಿ. ಗುರುವಾರ ಸಂಜೆ ನಾನು ಎಡಗಾಲು ಮುಂದಿಟ್ಟೆ. ಫಾದರ್ ಮೊಣಕಾಲೂರಿ ನೀರು ಹಾಕಿದರು, ಒರೆಸಿದರು. ಆದರೆ ಏಳಲಿಲ್ಲ. ವಾಸನೆ ಬಡಿದಿರಬೇಕು.

"ಆ ಕಾಲಿಗೆ ಏನಾಗೇತ್ರಿ ಯವ್ವಾ?" ಎಂದು ನನಗೊಬ್ಬಳಿಗೇ ಕೇಳಿಸುವಂತೆ ಅಂದರು.

"ಏನಿಲ್ರಿ ಫಾದರ್."

ತನ್ನ ಕಾಲು ತೊಳೆಯುವುದು ಬೇಡವೆಂದು ಸ್ವಾಮಿಯ ಶಿಷ್ಯ ಪೇತ್ರನೂ ಹಟ ಹಿಡಿದಿದ್ದ. ಅವನಿಗೆ ಗುರುವಿನ ಮೇಲಿನ ಗೌರವ. ನನಗೆ ಸಿಕ್ಕಿಬೀಳುವ ಭಯ. ಫಾದರ್ ಟವೆಲನ್ನು ನನ್ನ ಮೊಣಕಾಲ ಮೇಲೆ ಹರಡಿ, ಅದರ ಮರೆಯಲ್ಲಿ ಸಾಕ್ಸ್ ಇಳಿಸಿದರು.

ಪಕ್ಕದಲ್ಲೇ ನಿಂತು ಹಾಡುತ್ತಿದ್ದವರಲ್ಲಿ ಶಾಂತಾಳ ದನಿ ನಿಂತುಹೋಯಿತು.

ಅಂದು ರಾತ್ರಿಯೇ ಸಿಂದಗಿಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ವಿಜಯಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಸರ್ಜನ್ ಬಂದರು. ಗ್ಯಾಂಗ್ರಿನ್, ಬೆರಳು ಕೊಳೆತಿವೆ ಎಂದರು. ಕಡ್ಡಿಯಿಂದ ಪಾದ ಮುಟ್ಟುತ್ತ ಹೋದರು. ಎಲ್ಲಿ ಮುಟ್ಟಿದರೂ ನನಗೆ ತಿಳಿಯಲಿಲ್ಲ.

"ಎರಡು ಬೆರಳು ಹೋಗ್ತಾವ ಅಜ್ಜಿ. ಇವತ್ತ ತೆಗದ್ರ ಪಾದ ಉಳಿತೈತಿ. ತಡಾ ಮಾಡಿದ್ರ ಮೊಣಕಾಲ ತನಕ ಕೊಯ್ಯಬೇಕಾಕ್ಕೈತಿ."

ಅಂದು ಶುಭ ಶುಕ್ರವಾರ, ಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ನನ್ನ ತವರಿನಲ್ಲಿ ಆ ದಿನ ಈಳಿಗೆಯನ್ನೂ ಮುಟ್ಟುತ್ತಿರಲಿಲ್ಲ. ಭಾನುವಾರ ಸ್ವಾಮಿ ಎದ್ದುಬಂದ ಪಾಸ್ಕ ಹಬ್ಬ ಮುಗಿಯಲಿ, ಸೋಮವಾರ ಮಾಡಿರಿ ಎಂದು ಬೇಡಿಕೊಂಡೆ. ಸೋಂಕಿಗೆ ಹಬ್ಬ ಗೊತ್ತಾಗುವುದಿಲ್ಲ ಎಂದು ಅವರು ಒಪ್ಪಿಗೆಯ ಕಾಗದವನ್ನು ಶಾಂತಾಳ ಕೈಗೆ ಕೊಟ್ಟು ಹೋದರು. ಸಹಿ ನನ್ನದೇ ಬೇಕಿತ್ತು.

ನಾನು ಗೋಡೆಯ ಕಡೆ ತಿರುಗಿಕೊಂಡೆ. ಪಾಪಕ್ಕೆ ಎಳೆಯುವ ಕಾಲನ್ನು ಕಡಿದು ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಚರ್ಚಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗದ ಈ ಕಾಲು ಏನು ಪಾಪ ಮಾಡಿತು ಎಂದು ಶಾಂತಾಳನ್ನು ಕೇಳಿದೆ.

"ಕಾಲು ಏನ್ ಮಾಡೇತ್ರಿ ಅತ್ತಿ? ಮಾಡಿದ್ದು ಬಾಯಿ. ಹೇಳೂದ ಬಿಟ್ಟು ಮುಚ್ಕೊಂಡ ಕುಂತಿತ್ತು." ಮತ್ತೆ ಅಂದಳು: "ಒಂದ ಮನ್ಯಾಗ ಇದ್ದೇವಿ. ನನಗ ಹೇಳಿದ್ರ ದೇವರ ಮುಂದ ನಿಮ್ಮ ಹರಕಿ ಸಣ್ಣದಾಕ್ಕಿತ್ತೇನ್ರಿ?"

ಅವಳು ಅಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ನನ್ನೆದುರು ಅತ್ತದ್ದು ಅದೇ ಮೊದಲು. ನನ್ನ ಗುಟ್ಟನ್ನು ದೇವರೊಬ್ಬನೇ ನೋಡುತ್ತಿದ್ದಾನೆ ಎಂದು ನಾನು ಸಂತೋಷಪಡುತ್ತಿದ್ದಾಗ, ಇವಳನ್ನು ಕುರುಡಿಯಾಗಿ ಇಟ್ಟಿದ್ದೆ ಎಂಬುದು ಆಗ ಹೊಳೆಯಿತು.

ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ ರೋಗಿಯನ್ನು ಗುಣಪಡಿಸಬಹುದೇ ಎಂದು ತಕರಾರು ಮಾಡಿದವರಿಗೆ ಸ್ವಾಮಿ ಕೇಳಿದ ಪ್ರಶ್ನೆ ನೆನಪಾಯಿತು. ಅಂದೇ ನಿಮ್ಮ ಎತ್ತು ಬಾವಿಗೆ ಬಿದ್ದರೆ ಮೇಲೆತ್ತದೆ ಬಿಡುತ್ತೀರಾ ಎಂಬುದು ಆ ಪ್ರಶ್ನೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತು ಬಾವಿಗೆ ಬಿದ್ದ ದಿನ ಊರೇ ಹಗ್ಗ ತಂದದ್ದನ್ನು ನಾನು ಕಂಡಿದ್ದೇನೆ. ಅಂದು ಯಾವ ವಾರವೆಂದು ಒಬ್ಬರೂ ಕೇಳಲಿಲ್ಲ.

ಶಾಂತಾಳಿಂದ ಪೆನ್ನು ಕೇಳಿ ಇಸಿದುಕೊಂಡೆ.

ಎರಡು ಬೆರಳು ಹೋದವು. ಪಾದ ಉಳಿಯಿತು.

ಸೋಮವಾರ ಫಾದರ್ ಪರಮಪ್ರಸಾದ ತಂದರು. ಶುಭಸಂದೇಶದಲ್ಲಿ ಇರುವಂತೆಯೇ ನಡೆದೆ, ಎಲ್ಲಿ ತಪ್ಪಿದೆ ಎಂದು ಕೇಳಿದೆ. ಅವರು ಬಾಗೇವಾಡಿ ಕಡೆಯವರು, ಮಾತು ನೇರ.

"ಅದು ಬಜಾರದಾಗ ನಿಂತು ತೋರಿಸ್ಕೊಳ್ಳೋ ಮಂದಿಗೆ ಹೇಳಿದ್ದು. ನೀವು ಮೊದಲ ಎಲ್ಲಾ ಬಚ್ಚಿಡೋರು. ನಿಮಗ ಆ ಔಷಧಿ ಅಲ್ರಿ ಯವ್ವಾ."

ಒಬ್ಬರ ಔಷಧಿಯನ್ನು ಇನ್ನೊಬ್ಬರು ನುಂಗಿದರೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವಳಿಗೆ ವಿವರಿಸಬೇಕಿರಲಿಲ್ಲ. ನೀವೂ ದೇವರ ವಾಕ್ಯ ಓದುತ್ತೀರಿ. ಮನಸ್ಸಿಗೆ ಬಹಳ ಹಿತವೆನಿಸಿದ ಮಾತನ್ನು ಇನ್ನೊಮ್ಮೆ ಓದಿ. ಹಿತವಾದದ್ದೆಲ್ಲ ಸುಳ್ಳೆಂದಲ್ಲ. ನಾನು ನನ್ನ ಅಂಜಿಕೆಯನ್ನೇ ಭಕ್ತಿ ಎಂದುಕೊಂಡಿದ್ದೆ, ಅಷ್ಟೆ.

ಡ್ರೆಸ್ಸಿಂಗ್ ಎರಡು ತಿಂಗಳು ನಡೆಯಿತು. ದಿನಾ ಅಂಗಾಲು ನೋಡಿಕೊಳ್ಳಬೇಕೆಂದು ನರ್ಸ್ ಹೇಳಿದ್ದಾರೆ. ನನಗೆ ಬಗ್ಗಲಾಗದು, ಕಣ್ಣೂ ಮಂಜು. ಶಾಂತಾ ಪ್ರತಿ ಸಂಜೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಸಂದುಗಳನ್ನು ನೋಡುತ್ತಾಳೆ. ನನಗೆ ಇನ್ನೂ ನಾಚಿಕೆಯಾಗುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತೇನೆ.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಹೋದ ವಾರ, ಆಸ್ಪತ್ರೆಯವರು ಕೊಟ್ಟ ಬೂಟಿನ ಪಟ್ಟಿ ಬಿಗಿಯಾಯಿತು. ಹಿಮ್ಮಡಿ ಊದಿದಂತಿತ್ತು. ಮನೆಯಲ್ಲಿ ಬೀಗರು ಬಂದು ಕೂತಿದ್ದರು. ಅವರು ಹೋಗಲಿ ಎಂದು ಕಾಯಬೇಕೆನಿಸಿತು. ಕಾಯಲಿಲ್ಲ.

"ಶಾಂತಾ, ಕಾಲು ಬಾತೈತಿ. ನೋಡ ಬಾ," ಎಂದು ಎಲ್ಲರ ಮುಂದೆಯೇ ಕರೆದೆ.