ಇನ್ನೊಂದು ಗೇಣು

ಬಾಡಿಗೆ ಮನೆಯ ಬಾಗಿಲು ತೆಗೆದರೆ ನಡುಮನೆಯಲ್ಲೊಂದು ಗುಂಡಿ! ಯಾರನ್ನು ಹೂಳಲು ತೋಡಿದ್ದಾರಪ್ಪಾ ಎಂದು ಹೊಸ್ತಿಲಾಚೆಗೇ ನಿಂತೆ. ನಮ್ಮ ಮೈಸೂರಿನಲ್ಲಿ ನಡುಮನೆಯೆಂದರೆ ಜಮಖಾನ, ತೂಗುಮಣೆ. ಮುಂಬಯಿ ರಾಜ್ಯದ ಈ ಬನಹಟ್ಟಿಯಲ್ಲಿ ಗುಂಡಿ. ನಮ್ಮ ಯಜಮಾನರಿಗೆ ಇಲ್ಲಿ ಮೇಷ್ಟರ ಕೆಲಸ ಸಿಕ್ಕಿತೆಂದು ಬಂದದ್ದು.

ಪಕ್ಕದ ಮನೆಯ ಗಂಗವ್ವ ನಕ್ಕೇಬಿಟ್ಟಳು. "ಅಂಜಬ್ಯಾಡ್ರೀ ಬಾಯಾರ, ಮಗ್ಗದ ಕುಣಿ ಅದು. ನೇಯಾವ್ರು ಅದರಾಗ ಕಾಲ ಇಳಿಬಿಟ್ಟು ಕುಂದರತಾರ."

ಹಿಂದಿನವರು ಮಗ್ಗ ಒಯ್ದಿದ್ದರು, ಕುಣಿ ಉಳಿದಿತ್ತು. ಬೀದಿಯುದ್ದಕ್ಕೂ ಬೆಳಗಿನಿಂದ ಲಾಳಿಯ ಖಟಖಟ. ಅಲ್ಲಿ ಅನ್ನ ಬಸಿಯುತ್ತಿದ್ದ ನಾನು ಇಲ್ಲಿ ರೊಟ್ಟಿ ಬಡಿಯಲು ಕಲಿತೆ. ಊರಿಂದ ತಂದ ಸಾರಿನ ಪುಡಿ ಮುಗಿದ ದಿನ ಮಾತ್ರ ಒಲೆಯ ಮುಂದೆ ಕೂತು ಚೆನ್ನಾಗಿ ಅತ್ತೆ.

ಐದು ವರ್ಷದ ನನ್ನ ಮಗಳು ಪುಟ್ಟಿಗೆ ಅಳಲು ಪುರುಸೊತ್ತೇ ಇಲ್ಲ. ಇಲ್ಲಿನ ಮಾತನ್ನೂ ಆಗಲೇ ಕಲಿತುಬಿಟ್ಟಿದ್ದಳು. ಗಂಗವ್ವನ ಮನೆಯಲ್ಲಿ ಮಕ್ಕಳ ಕಾಲು ಕುಣಿಯ ತಳ ಮುಟ್ಟಿದ ದಿನ ಅವರು ದೊಡ್ಡವರಾದರೆಂದು ಬೆಲ್ಲ ಹಂಚುತ್ತಾರೆ. ಅದನ್ನು ನೋಡಿ ಬಂದವಳು ದಿನವೂ ನಮ್ಮ ಕುಣಿಯಂಚಿಗೆ ಕೂತು ಕಾಲು ಇಳಿಬಿಡುತ್ತಿದ್ದಳು.

"ಎಷ್ಟ ಉಳದೈತಿ ನೋಡಮ್ಮ."

"ಇನ್ನೊಂದು ಗೇಣು ಕಣೇ."

ಅಷ್ಟರಲ್ಲಿ ಅಣ್ಣನ ಕಾಗದ ಬಂತು. ಮೈಸೂರಿನಲ್ಲೇ ಯಜಮಾನರಿಗೆ ಕೆಲಸ ನೋಡಿದ್ದೇನೆ, ಹೊರಟು ಬನ್ನಿ ಎಂದು. ಯಜಮಾನರು "ನೀನು ಹೇಳಿದ ಹಾಗೆ" ಎಂದು ಜಾರಿಕೊಂಡರು. ಹೇಳುವುದೇನು, ನಾನಾಗಲೇ ಟ್ರಂಕು ಎಳೆದಿದ್ದೆ!

"ನಾ ಬರಂಗಿಲ್ಲ," ಎಂದಳು ಪುಟ್ಟಿ.

"ಯಾಕೇ?"

"ದೊಡ್ಡ ಪುಟ್ಟಿ ಈ ಮನಿಗೇ ಬರತಾಳ. ನಾವು ಹೋದ್ರ ಆಕಿ ಬಂದು ಯಾರನ್ನ ಕೇಳಬೇಕು?"

ನಾನು ದಂಗಾದೆ. ದೊಡ್ಡವಳಾಗುವುದೆಂದರೆ ತಾನು ಬೆಳೆಯುವುದಲ್ಲ, ಎಲ್ಲಿಂದಲೋ ಇನ್ನೊಬ್ಬಳು ನಡೆದು ಬಂದು ತನ್ನ ಪಕ್ಕ ಕೂರುವುದು ಎಂದುಕೊಂಡಿದೆ ಮಗು!

"ಈಗೆಲ್ಲಿದ್ದಾಳೆ ಅವಳು?"

"ಬರಾಕತ್ತಾಳ," ಎಂದಳು, ಕಣ್ಣು ಅರೆಮುಚ್ಚಿ. "ಜಮಖಂಡಿ ದಾಟ್ಯಾಳ."

ಆ ಮಾತು ನನ್ನನ್ನು ಬಿಡಲಿಲ್ಲ. ನೀರು ತರುವಾಗ ಜಮಖಂಡಿಯ ದಾರಿಯತ್ತ ನೋಡುತ್ತಾ ನಿಂತುಬಿಡುತ್ತಿದ್ದೆ. ಬಿಸಿಲಿನಲ್ಲಿ ಯಾರೋ ಸಣ್ಣಗೆ ಕಂಡರೆ ಅವಳೇ ಇರಬಹುದೇ ಎನ್ನಿಸುತ್ತಿತ್ತು. ನನಗೂ ತಲೆ ಕೆಟ್ಟಿತ್ತು ಅನ್ನಿ.

ಕೊನೆಗೆ 'ಸದ್ಯ ಬರುವುದಿಲ್ಲ' ಎಂದು ಅಣ್ಣನಿಗೆ ಬರೆದೆ. ಎಳೆದಿದ್ದ ಟ್ರಂಕನ್ನು ಮತ್ತೆ ಮೂಲೆಗೆ ತಳ್ಳಿದೆ. ಮಗು ಆಡಲು ಹೋಗಿದ್ದಾಗ ಕುಣಿಯಂಚಿಗೆ ಕೂತು ನಾನೂ ಕಾಲು ಇಳಿಬಿಟ್ಟೆ. ತಳ ಮುಟ್ಟಿತು, ತಣ್ಣಗಿತ್ತು.

ಆಗ ನೆನಪಾಯಿತು, ಚಿಕ್ಕವಳಾಗಿದ್ದಾಗ ನಾನೂ ಮೈಸೂರಿನ ತೂಗುಮಣೆಯ ಮೇಲೆ ಕಾಲಾಡಿಸುತ್ತಾ ದೊಡ್ಡವಳಿಗಾಗಿ ಕಾಯುತ್ತಿದ್ದೆ. ಪಾಪ, ಆ ಹುಡುಗಿ ಇನ್ನೂ ಅಲ್ಲೇ ಕಾಯುತ್ತಿರಬೇಕು. ದೊಡ್ಡವಳು ಬನಹಟ್ಟಿಗೆ ಬಂದು ಕೂತಿದ್ದಾಳೆಂದು ಅವಳಿಗೆ ಯಾರು ಹೇಳುತ್ತಾರೆ?