ಅಪ್ಪ ಕುಲುಕಿದ ಬಾಟಲಿ

ನನ್ನ ಅಪ್ಪನ ಮೇಲೆ ನನಗಿರುವ ಸಿಟ್ಟಿಗೆ ಕಾರಣ ಒಂದು ಚಿಕ್ಕ ಗಾಜಿನ ಬಾಟಲಿ. ಬ್ಯಾಂಕ್ ಆಫೀಸರ್ ಅವರು. ಮಂಡ್ಯದಿಂದ ವರ್ಗವಾಗಿ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಮನೆ ಮಾಡಿದ್ದರು. ನಾನು ವಿಶಾಖಪಟ್ಟಣದ ಲ್ಯಾಬೊಂದರಲ್ಲಿ ಬಾಳೆದಿಂಡಿನ ನಾರನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೀಳುತ್ತಿದ್ದೆ.

ಆ ನಾರು ಹಾಕಿ ಎಣ್ಣೆ, ನೀರು ಸೇರಿಸಿ ಜೋರಾಗಿ ಕಲಕಿದರೆ, ಎಣ್ಣೆಯ ಪ್ರತಿ ಹನಿಗೂ ನಾರು ಸುತ್ತಿಕೊಳ್ಳುತ್ತದೆ, ಉಲ್ಲನ್ ನೂಲು ಸುತ್ತಿದ ಹಾಗೆ. ಹನಿಗಳು ಒಂದಕ್ಕೊಂದು ತಾಗಿದರೂ ಸೇರಿಹೋಗುವುದಿಲ್ಲ. ಕೆಲವು ದಿನಕ್ಕೆ ಬಿಳೀ ಭಾಗ ಮೇಲೇರಿ ಕೆಳಗೆ ತಿಳಿನೀರು ನಿಲ್ಲುತ್ತದೆ, ಅಷ್ಟೇ. ಎಣ್ಣೆ ಮಾತ್ರ ಹನಿ ಬಿಟ್ಟು ಮೇಲೆ ತೇಲುವುದಿಲ್ಲ. ನನ್ನ ಕೆಲಸವೆಲ್ಲ ಇದೇ.

ವಿಜಯವಾಡದಲ್ಲೇ, ಬೆಂಜ್ ಸರ್ಕಲ್ ಹತ್ತಿರದ ಕಾಲೇಜಿನಲ್ಲಿ, ಸಂಶೋಧನೆಯ ಸಹಾಯಧನಕ್ಕೆ ಆಯ್ಕೆ ಇತ್ತು. ಗೆದ್ದರೆ ಇನ್ನೆರಡು ವರ್ಷ ಲ್ಯಾಬಿನಲ್ಲಿ ಜಾಗ, ಇಲ್ಲದಿದ್ದರೆ ಗಂಟುಮೂಟೆ. ಅದಕ್ಕೇ ತಿಂಗಳ ಮೊದಲೇ, ಹಾಗೆ ಕಲಕಿದ ಎಣ್ಣೆ-ನೀರಿನ ಬಾಟಲಿಯನ್ನು ಅಪ್ಪನ ಬೀರುವಿನ ಮೇಲೆ ಇಟ್ಟು, ನೀರು ನಿಂತ ಕಡೆ ಪೆನ್ನಿನಿಂದ ಗೆರೆ ಎಳೆದು, ಯಾರೂ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದೆ. ನೀರು ಆ ಗೆರೆಯಿಂದ ಕದಲಿಲ್ಲ, ಎಣ್ಣೆ ಬಿಟ್ಟಿಲ್ಲ ಅನ್ನುವುದೇ ನನ್ನ ಸಾಕ್ಷಿ.

ಆಯ್ಕೆಯ ದಿನ ಕಾಲೇಜಿನ ಪಡಸಾಲೆಯಲ್ಲಿ, ಅಪ್ಪ ಜೋಪಾನವಾಗಿ ಹಿಡಿದು ತಂದ ಚೀಲ ಬಿಚ್ಚಿದೆ. ಬಾಟಲಿ ತುದಿಯಿಂದ ಬುಡದವರೆಗೆ ಹಾಲಿನಷ್ಟು ಬಿಳಿ.

"ಬೆಳಗ್ಗೆ ನಾನೇ ಕುಲುಕಿದೆ ಕಣಮ್ಮ," ಅಂದರು ಅಪ್ಪ ಹೆಮ್ಮೆಯಿಂದ. "ಕೆಳಗೆ ನೀರು ಬಿಟ್ಟಿತ್ತು. ಇನ್‌ಸ್ಪೆಕ್ಷನ್ ದಿನ ಹಾಗೇ ಇಡ್ತಾರಾ?"

ಮೂವತ್ತು ವರ್ಷ ತಪಾಸಣೆಯ ಹಿಂದಿನ ದಿನ ಬ್ರಾಂಚಿನ ಫೈಲುಗಳನ್ನು ಒಪ್ಪ ಮಾಡಿಟ್ಟ ಮನುಷ್ಯ. ಮಗಳ ಬಾಟಲಿಯನ್ನೂ ಒಪ್ಪ ಮಾಡಿದರು. ನನಗೆ ಮೈಯೆಲ್ಲ ಉರಿಯಿತು.

ಒಳಗೆ ಪರೀಕ್ಷಕರು ಬಾಟಲಿ ಎತ್ತಿ ನೋಡಿ, ತಿಂಗಳಾದರೂ ಒಂದು ಹನಿ ನೀರು ಬಿಟ್ಟಿಲ್ಲ ಎಂದು ಮೆಚ್ಚಿಕೊಂಡರು. ನಾನು ಸುಮ್ಮನಿರಲಿಲ್ಲ.

"ಸರ್, ಇದನ್ನು ಬೆಳಗ್ಗೆ ಕುಲುಕಿದ್ದಾರೆ. ನೀರು ಬಿಟ್ಟಿತ್ತು, ಎಣ್ಣೆ ಬಿಟ್ಟಿರಲಿಲ್ಲ."

ಹಿಂದಿನ ರಾತ್ರಿ ಬೀರುವಿನ ಮೇಲೆ ತೆಗೆದ ಫೋಟೋ ತೋರಿಸುತ್ತೇನೆಂದೆ. ಬೇಡವೆಂದರು. ನೀರು ಬೇರೆಯಾದರೆ ಸೋತಂತೆಯೇ ಅಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದಿನವರನ್ನು ಕರೆಸಿದರು. ಇಂಥವರ ಕೈಯಲ್ಲಿತ್ತೇ ನನ್ನ ಎರಡು ವರ್ಷ?

ಹೊರಗೆ ಅಪ್ಪ ಮೆಲ್ಲಗೆ ಕೇಳಿದರು, ನೀನು ಹೇಳದಿದ್ದರೆ ಅವರಿಗೆ ಗೊತ್ತಾಗ್ತಿತ್ತೇ ಎಂದು. ಬ್ಯಾಂಕಿನ ಪೆನ್ನನ್ನೂ ಮನೆಗೆ ತರದ ಅಪ್ಪ! ನಾನು ಆಟೋ ಕರೆದು ಬಾಟಲಿಯ ಚೀಲವನ್ನು ಅವರ ಕೈಗೆ ಕೊಟ್ಟೆ. ಮನೆಯಲ್ಲಿ ಬಾಟಲಿಯನ್ನು ಅವರೇ ಮತ್ತೆ ಬೀರುವಿನ ಮೇಲಿಟ್ಟರು.

ತಿಂಗಳ ನಂತರ ವಿಶಾಖಪಟ್ಟಣಕ್ಕೆ ಫೋನ್ ಮಾಡಿದರು. ಆಗ ನಾನು ಲ್ಯಾಬಿನ ಮೇಜು ಖಾಲಿ ಮಾಡುತ್ತಿದ್ದೆ.

"ನೀರು ನಿನ್ನ ಗೆರೆಗೇ ಬಂದು ನಿಂತಿದೆ ಕಣಮ್ಮ. ಎಣ್ಣೆ ಒಂದು ಹನಿಯೂ ಬಿಟ್ಟಿಲ್ಲ. ನಾನು ಮುಟ್ಟಿಲ್ಲ."

ಇನ್ನು ಮುಟ್ಟಿದರೂ ಪರವಾಗಿಲ್ಲ ಅಪ್ಪ, ಅಂದೆ.